‘ಹೊಲಕ್ಕೆ ಕಳೆ ಹಾಕಿ’: ಇಂಗ್ಲಿಷಿನಲ್ಲಿ ಒಂದೇ ಪದ ನಾಮಪದವೂ ಕ್ರಿಯಾಪದವೂ ಆಗುವುದಕ್ಕೆ ನಿಯಮವೇನಾದರೂ ಇದೆಯೇ?

ಶಿರಾ ಬೀಜದಂಗಡಿ

ಎಲ್ಲರಿಗೂ ನಮಸ್ಕಾರ. ಶಿರಾದಲ್ಲಿ ನನ್ನದೊಂದು ಸಣ್ಣ ಬೀಜ, ಗೊಬ್ಬರದ ಅಂಗಡಿ ಇದೆ. ಎಂಟನೆಯ ತರಗತಿಯಲ್ಲಿ ಓದುವ ಮಗಳು ಸಂಜೆ ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕುಳಿತು ಹೋಂವರ್ಕ್ ಮುಗಿಸುತ್ತಾಳೆ. ಮೊನ್ನೆ ಮೂಲಂಗಿ ಬೀಜದ ಡಬ್ಬಿಯೊಳಗೆ ಮಡಚಿಟ್ಟಿದ್ದ ಇಂಗ್ಲಿಷ್ ಚೀಟಿಯನ್ನು ಬಿಡಿಸಿ, ರೈತರಿಗೆ ಓದಿ ಹೇಳಲು ಅನುಕೂಲವಾಗಲಿ ಎಂದು ಅದನ್ನು ಕನ್ನಡದಲ್ಲಿ ಬರೆದುಕೊಡುವಂತೆ ಅವಳಿಗೆ ಹೇಳಿದೆ. ಮೊದಲ ಸಾಲು ‘ವೀಡ್ ದ ಫೀಲ್ಡ್ ಬಿಫೋರ್ ಯು ಸೀಡ್ ಇಟ್’ ಎಂದಿತ್ತು. ಅವಳು ಬರೆದದ್ದು: ‘ಹೊಲಕ್ಕೆ ಬೀಜ ಹಾಕುವ ಮೊದಲು ಕಳೆ ಹಾಕಿ.’

ಅಂಗಡಿಯಲ್ಲಿದ್ದ ಇಬ್ಬರು ರೈತರು ಬಿದ್ದು ಬಿದ್ದು ನಕ್ಕರು. ಮಗಳಿಗೆ ಕೋಪ ಬಂದಿತು. ‘ಸೀಡ್ ಎಂದರೆ ಬೀಜ, ಸೀಡ್ ದ ಫೀಲ್ಡ್ ಎಂದರೆ ಹೊಲಕ್ಕೆ ಬೀಜ ಹಾಕು. ವೀಡ್ ಎಂದರೆ ಕಳೆ, ಹಾಗಾದರೆ ವೀಡ್ ದ ಫೀಲ್ಡ್ ಎಂದರೆ ಕಳೆ ಹಾಕು ಎಂದೇ ಆಗಬೇಕಲ್ಲವೇ ಅಪ್ಪಾ?’ ಎಂದು ಕೇಳಿದಳು. ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಪಿಯುಸಿಗೇ ಓದು ನಿಲ್ಲಿಸಿದ ನಾನು ‘ಇಂಗ್ಲಿಷ್ ಹಾಗೇ ಕಣಮ್ಮ’ ಎಂದು ಹೇಳಿ ಜಾರಿಕೊಂಡೆ. ಒಂದೇ ಪದ ಒಮ್ಮೆ ವಸ್ತುವಿನ ಹೆಸರಾಗಿ, ಇನ್ನೊಮ್ಮೆ ಕೆಲಸದ ಹೆಸರಾಗಿ ಬರುವುದನ್ನು ಮಕ್ಕಳಿಗೆ ಹೇಗೆ ವಿವರಿಸಬೇಕು? ಯಾವಾಗ ‘ಹಾಕು’, ಯಾವಾಗ ‘ತೆಗೆ’ ಎನ್ನುವುದಕ್ಕೆ ನಿಯಮವಿದ್ದರೆ ತಿಳಿದವರು ದಯವಿಟ್ಟು ತಿಳಿಸಿ.

ಪಾವಗಡ ಕಡಲೆಕಾಯಿ

ನಮ್ಮ ಕಡೆ ಹೊಲಕ್ಕೆ ಕಳೆಯನ್ನು ಯಾರೂ ಹಾಕಬೇಕಾಗಿಲ್ಲ ಅಣ್ಣಾ, ಮಳೆ ಬಾರದಿದ್ದರೂ ಅದು ಬರುತ್ತದೆ.

ಕೋಲಾರದ ಮೇಷ್ಟ್ರು

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾಗಿದ್ದೇನೆ. ನಿಮ್ಮ ಮಗಳು ಮಾಡಿದ್ದು ತಪ್ಪಾದರೂ ಬುದ್ಧಿವಂತರು ಮಾಡುವ ತಪ್ಪು. ಅವಳಿಗೆ ಬೈಯಬೇಡಿ.

ಮೊದಲು, ಇಂಗ್ಲಿಷ್ ಹೀಗೇಕಾಯಿತು ಎಂಬುದನ್ನು ಹೇಳುತ್ತೇನೆ. ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿಗೂ ನಮ್ಮ ಭಾಷೆಯಂತೆ ಪ್ರತ್ಯಯಗಳಿದ್ದವು. ಪ್ರೀತಿ ಎಂಬ ಅರ್ಥದ ನಾಮಪದ ‘ಲುವು’ ಎಂದಿತ್ತು, ಪ್ರೀತಿಸು ಎಂಬ ಕ್ರಿಯಾಪದ ‘ಲುವಿಯನ್’ ಎಂದಿತ್ತು. ಕೊನೆಯನ್ನು ಕೇಳಿದ ಕೂಡಲೇ ಯಾವುದು ಹೆಸರು, ಯಾವುದು ಕ್ರಿಯೆ ಎಂದು ತಿಳಿಯುತ್ತಿತ್ತು. ಮುಂದಿನ ಕೆಲವು ಶತಮಾನಗಳಲ್ಲಿ ಆ ಕೊನೆಗಳು ಒಂದೊಂದಾಗಿ ಸವೆದುಹೋದವು. ಎರಡು ಮರಗಳ ಕೊಂಬೆಗಳನ್ನು ಸವರಿ ಬೋಳು ಮಾಡಿದರೆ ಯಾವುದು ಹುಣಸೆ, ಯಾವುದು ಬೇವು ಎಂದು ದೂರದಿಂದ ಹೇಗೆ ಹೇಳುತ್ತೀರಿ? ಹಾಗೆ ‘ಲವ್’ ಎಂಬ ಒಂದೇ ಬೋಳು ರೂಪ ಎರಡೂ ಕೆಲಸಕ್ಕೆ ನಿಂತಿತು. ‘ಆನ್ಸರ್’ ಪದದ ಕಥೆಯೂ ಇದೇ. ಒಮ್ಮೆ ಈ ದಾರಿ ತೆರೆದ ಮೇಲೆ ಜನರು ಯಾವ ನಾಮಪದವನ್ನಾದರೂ ಎತ್ತಿ ಕ್ರಿಯಾಪದದ ಜಾಗದಲ್ಲಿ ಕೂರಿಸತೊಡಗಿದರು. ಜಾಗವೇ ಅಲ್ಲಿ ಗುರುತು. ಹಿಂದೆ ‘ದ’ ಅಥವಾ ‘ಎ’ ಇದ್ದರೆ ನಾಮಪದ, ‘ಟು’ ಇದ್ದರೆ ಅಥವಾ ಭೂತಕಾಲದ ಬಾಲ ಅಂಟಿದರೆ ಕ್ರಿಯಾಪದ.

ಇನ್ನು ‘ಹಾಕು’ ಮತ್ತು ‘ತೆಗೆ’ ವಿಚಾರ. ನಿಯಮವಿಲ್ಲ ಎಂದೇ ಹೇಳಬೇಕು. ಆ ವಸ್ತುವನ್ನು ಜನ ಏನು ಮಾಡುತ್ತಾರೋ ಅದೇ ಕ್ರಿಯಾಪದದ ಅರ್ಥ. ‘ಬಟರ್’ ಎಂದರೆ ರೊಟ್ಟಿಗೆ ಬೆಣ್ಣೆ ಸವರು, ‘ಮಿಲ್ಕ್’ ಎಂದರೆ ಹಸುವಿಗೆ ಹಾಲು ಸವರುವುದಲ್ಲ, ಕರೆಯುವುದು. ‘ವಾಟರ್’ ಎಂದರೆ ಗಿಡಕ್ಕೆ ನೀರುಣಿಸು, ‘ಪೀಲ್’ ಎಂದರೆ ಸಿಪ್ಪೆ ಸುಲಿ. ಹೊಲಕ್ಕೆ ಕಳೆಯನ್ನು ಬೇಕೆಂದು ಹಾಕುವವನು ಲೋಕದಲ್ಲಿ ಇಲ್ಲವಾದ್ದರಿಂದ ‘ವೀಡ್’ ಎಂದರೆ ಕೀಳು ಎಂದೇ ಆಯಿತು. ಆದರೆ ನಿಮ್ಮ ‘ಸೀಡ್’ ಇನ್ನೂ ತರಲೆಯದು. ಅಡುಗೆಯ ಪುಸ್ತಕದಲ್ಲಿ ‘ಸೀಡ್ ದ ಟೊಮೆಟೊ’ ಎಂದಿದ್ದರೆ ಟೊಮೆಟೊ ಒಳಗಿನ ಬೀಜ ತೆಗೆಯಿರಿ ಎಂದರ್ಥ!

ಶಿರಾ ಬೀಜದಂಗಡಿ

ಮೇಷ್ಟ್ರೇ, ಈ ಕೊನೆಯ ಉದಾಹರಣೆಯನ್ನು ನಾನು ಮಗಳಿಗೆ ಸದ್ಯಕ್ಕೆ ಹೇಳುವುದಿಲ್ಲ. ನನಗೇ ತಲೆ ತಿರುಗಿದೆ.

ತಿಪಟೂರಿನ ಕನ್ನಡ ಟೀಚರ್

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇದು ಇಂಗ್ಲಿಷಿನವರಿಗೆ ಮಾತ್ರ ಅಂಟಿದ ರೋಗ ಎಂಬ ಧಾಟಿಯನ್ನು ಒಪ್ಪುವುದಿಲ್ಲ. ಶಿರಾದ ಅಣ್ಣನ ಮಗಳು ಎಡವಿದ ‘ಕಳೆ’ ಎಂಬ ಪದವನ್ನೇ ನೋಡಿ. ಹೊಲದಲ್ಲಿ ಬೆಳೆಯುವುದು ಕಳೆ, ನಾಮಪದ. ‘ಹತ್ತರಲ್ಲಿ ನಾಲ್ಕನ್ನು ಕಳೆ’ ಎಂದರೆ ಕ್ರಿಯಾಪದ. ಇವೆರಡೂ ಆಕಸ್ಮಿಕವಾಗಿ ಒಂದೇ ರೀತಿ ಕೇಳಿಸುವ ಬೇರೆ ಪದಗಳಲ್ಲ, ಒಂದೇ ಬೇರಿನವು. ಕಿತ್ತು ತೆಗೆಯುವುದು ‘ಕಳೆ’, ಕಿತ್ತು ತೆಗೆಯಬೇಕಾದದ್ದೂ ‘ಕಳೆ’. ತಮಿಳಿನಲ್ಲೂ ‘ಕಳೈ’ ಎಂಬುದು ಹೊಲದ ಕಳೆಯೂ ಹೌದು, ಅದನ್ನು ಕೀಳುವುದೂ ಹೌದು. ಆ ಹುಡುಗಿ ‘ವೀಡ್’ ಎಂಬುದನ್ನು ಕನ್ನಡಕ್ಕೆ ತಂದಾಗ ಕನ್ನಡದ ‘ಕಳೆ’ಯೇ ಅವಳಿಗೆ ಉತ್ತರ ಕೊಡಲು ಕಾದು ಕುಳಿತಿತ್ತು.

ನನ್ನ ತರಗತಿಯಲ್ಲಿ ಈ ಪಾಠವನ್ನು ನಾನು ನೆಗಡಿಯಿಂದ ಆರಂಭಿಸುತ್ತೇನೆ. ಕೆಮ್ಮು, ಸೀನು, ಬೆವರು, ಉಗುಳು, ನಗು, ಅಳು. ಇವಿಷ್ಟೂ ಕನ್ನಡದಲ್ಲಿ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕೆಮ್ಮು ಬಂದಿದೆ, ಹುಡುಗ ಕೆಮ್ಮಿದ. ಆಮೇಲೆ ಇಂಗ್ಲಿಷಿನ ಪಟ್ಟಿಯನ್ನು ಪಕ್ಕದಲ್ಲಿ ಬರೆಸುತ್ತೇನೆ: ಕಾಫ್, ಸ್ನೀಜ್, ಸ್ವೆಟ್, ಸ್ಪಿಟ್, ಲಾಫ್, ಕ್ರೈ. ಅಲ್ಲಿಯೂ ಅಷ್ಟೂ ಎರಡು ಕೆಲಸದ ಪದಗಳೇ. ದೇಹದಿಂದ ತಾನಾಗಿ ಹೊರಬರುವುದಕ್ಕೆ ಎರಡು ಹೆಸರಿಡಲು ಎರಡು ನಾಡಿನವರಿಗೂ ಪುರಸೊತ್ತಿರಲಿಲ್ಲವೇನೋ. ಆಕಾಶಕ್ಕೆ ಹೋದರೂ ಅಷ್ಟೇ, ನಮ್ಮ ಗುಡುಗು, ಮಿಂಚು ಎರಡೂ ಹೀಗೆಯೇ. ಓದು, ಹಾಡು, ನಡೆ, ನುಡಿ, ಬೆಳೆ, ಚಿಗುರು, ತಪ್ಪು, ಸೋಲು, ಕರೆ ಎಂದು ಮಕ್ಕಳೇ ಮುಂದುವರಿಸುತ್ತಾರೆ.

ವ್ಯತ್ಯಾಸ ಇರುವುದು ಗುರುತಿಸುವ ಬಗೆಯಲ್ಲಿ. ಇಂಗ್ಲಿಷಿನವರು ಪದ ಎಲ್ಲಿ ಕುಳಿತಿದೆ ಎಂದು ನೋಡುತ್ತಾರೆ, ನಾವು ಅದರ ಬಾಲ ನೋಡುತ್ತೇವೆ. ‘ಓದಿಗೆ’, ‘ಓದಿನಲ್ಲಿ’ ಎಂದರೆ ನಾಮಪದ, ‘ಓದಿದಳು’, ‘ಓದುತ್ತಾಳೆ’ ಎಂದರೆ ಕ್ರಿಯಾಪದ. ಬಾಲ ಇರುವುದರಿಂದ ನಮ್ಮ ಪದ ವಾಕ್ಯದಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು.

ಚಿಂತಾಮಣಿ ಟೊಮೆಟೊ

ಅಕ್ಕಾ, ಪಟ್ಟಿ ಚೆನ್ನಾಗಿದೆ, ಆದರೆ ಎಚ್ಚರಿಕೆ ಬೇಕು. ಈ ಲೆಕ್ಕದಲ್ಲಿ ‘ಹೊಳೆ’ ಎಂದರೆ ನದಿ ಮತ್ತು ಹೊಳೆಯುವುದು, ‘ಉಳಿ’ ಎಂದರೆ ಬಡಗಿಯ ಉಪಕರಣ ಮತ್ತು ಉಳಿಯುವುದು, ‘ಕುಡಿ’ ಎಂದರೆ ಚಿಗುರು ಮತ್ತು ಕುಡಿಯುವುದು ಎಂದೂ ಸೇರಿಸಿಬಿಡುತ್ತಾರೆ. ನೀರು ಹೊಳೆಯುತ್ತದೆ, ಅದಕ್ಕೇ ಹೊಳೆ ಎಂದು ಸಾಧಿಸಲು ಹೊರಟ ಒಬ್ಬರನ್ನು ನಾನು ಕೈವಾರದ ಜಾತ್ರೆಯಲ್ಲಿ ಭೇಟಿಯಾಗಿದ್ದೆ. ಅರ್ಧ ಗಂಟೆ ಬಿಡಲಿಲ್ಲ.

ತಿಪಟೂರಿನ ಕನ್ನಡ ಟೀಚರ್

ಸರಿಯಾದ ಮಾತು. ರೂಪ ಒಂದೇ ಆದ ಮಾತ್ರಕ್ಕೆ ಸಂಬಂಧವಿದೆ ಎನ್ನಲಾಗದು. ಇಂಗ್ಲಿಷಿನ ‘ಬೇರ್’ ಎಂಬ ಕರಡಿಗೂ, ಸಹಿಸು ಎಂಬ ಅರ್ಥದ ‘ಬೇರ್’ಗೂ ಅರ್ಥದ ನಂಟಿಲ್ಲ. ಮರದ ತೊಗಟೆಯೂ ‘ಬಾರ್ಕ್’, ನಾಯಿ ಬೊಗಳುವುದೂ ‘ಬಾರ್ಕ್’, ಅವೂ ಹಾಗೆಯೇ. ಮಕ್ಕಳಿಗೆ ನಾನು ಹೇಳುವ ಪರೀಕ್ಷೆ ಸರಳ: ಆ ಕೆಲಸ ಮಾಡಿದಾಗ ಆ ವಸ್ತು ಅಲ್ಲಿ ಇರುತ್ತದೆಯೇ? ಕೆಮ್ಮಿದಾಗ ಕೆಮ್ಮು ಇರುತ್ತದೆ, ಹಾಡಿದಾಗ ಹಾಡು ಇರುತ್ತದೆ. ಉಳಿದಾಗ ಉಳಿ ಇರಬೇಕಾಗಿಲ್ಲ.

ಕುಣಿಗಲ್ ರಸ್ತೆ ಪಂಚರ್ ಅಂಗಡಿ

ಮೇಷ್ಟ್ರು, ಟೀಚರಮ್ಮ ಇಬ್ಬರೂ ನನ್ನ ಅಂಗಡಿಯ ಬೋರ್ಡನ್ನು ಒಮ್ಮೆ ಓದಬೇಕು. ‘ಇಲ್ಲಿ ಪಂಚರ್ ಹಾಕಲಾಗುತ್ತದೆ’ ಎಂದು ಹದಿನೈದು ವರ್ಷದಿಂದ ತೂಗುಹಾಕಿದ್ದೇನೆ. ಕಳೆದ ತಿಂಗಳು ಕಾರಿನಲ್ಲಿ ಬಂದ ಹುಡುಗನೊಬ್ಬ ಆ ಬೋರ್ಡಿನ ಫೋಟೊ ತೆಗೆದುಕೊಂಡು ನಗುತ್ತಿದ್ದ. ಏಕೆಂದು ಕೇಳಿದರೆ, ಇಂಗ್ಲಿಷಿನಲ್ಲಿ ಪಂಚರ್ ಮಾಡುವುದು ಎಂದರೆ ತೂತು ಮಾಡುವುದಂತೆ, ನಾನು ತೂತು ಹಾಕಿಕೊಡುತ್ತೇನೆ ಎಂದು ಬರೆದಿದ್ದೇನಂತೆ.

ನಾನು ಏನು ಮಾಡುತ್ತೇನೆ ಎಂದು ಅವನ ಕಣ್ಣೆದುರಿಗೇ ತೋರಿಸಿದೆ. ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಸುತ್ತ ಮುಳುಗಿಸಿದೆ. ಗುಳ್ಳೆ ಬಂದ ಜಾಗಕ್ಕೆ ಗುರುತು ಹಾಕಿ, ಒರೆಸಿ ಒಣಗಿಸಿ, ಉಜ್ಜಿ ಒರಟು ಮಾಡಿ, ಸಲ್ಯೂಷನ್ ಹಚ್ಚಿ, ಅದು ಅಂಟಂಟಾಗುವವರೆಗೆ ಕಾದು ಪ್ಯಾಚ್ ಒತ್ತಿದೆ. ‘ಇದಕ್ಕೆ ಊರೆಲ್ಲ ಪಂಚರ್ ಹಾಕುವುದು ಎನ್ನುತ್ತದೆ, ನೀನು ಏನನ್ನುತ್ತೀಯ?’ ಎಂದು ಕೇಳಿದರೆ ಅವನಿಗೆ ಕನ್ನಡದಲ್ಲಿ ಬೇರೆ ಮಾತು ಹೊಳೆಯಲಿಲ್ಲ. ಟ್ಯೂಬ್ ತಾನಾಗಿ ತೂತಾದರೆ ‘ಪಂಚರ್ ಆಯಿತು’, ನಾನು ಮುಚ್ಚಿದರೆ ‘ಪಂಚರ್ ಹಾಕಿದೆ’. ಇದರಲ್ಲಿ ಗೊಂದಲ ಎಲ್ಲಿದೆ? ದಾರಿಯಲ್ಲಿ ಮೊಳೆ ಚೆಲ್ಲುವವನಿಗೆ ಬೇಕಾದರೆ ‘ಪಂಚರ್ ಮಾಡಿದ’ ಎನ್ನೋಣ.

ಪಾವಗಡ ಕಡಲೆಕಾಯಿ

ಬೋರ್ಡ್ ಬದಲಾಯಿಸಬೇಡಿ ಅಣ್ಣಾ, ಗಾಡಿ ತಳ್ಳಿಕೊಂಡು ಬರುವವರು ಅದನ್ನೇ ಹುಡುಕುತ್ತಾರೆ.

ಕೋಲಾರದ ಮೇಷ್ಟ್ರು

ಪಂಚರ್ ಅಂಗಡಿಯವರು ಈ ಚರ್ಚೆಯ ತಿರುಳನ್ನೇ ಹೇಳಿದ್ದಾರೆ. ಇಂಗ್ಲಿಷಿನ ‘ಪಂಚರ್’ ಎಂಬ ಒಂದು ಪದ ಎರಡು ಕೆಲಸ ಮಾಡುತ್ತದೆ. ನಾವು ಅದರಿಂದ ನಾಮಪದವನ್ನಷ್ಟೇ ಎರವಲು ತಂದು, ಕ್ರಿಯೆಗೆ ನಮ್ಮದೇ ಆಳು ಇಟ್ಟುಕೊಂಡಿದ್ದೇವೆ. ‘ಆಗು’ ಒಬ್ಬ ಆಳು, ‘ಹಾಕು’ ಇನ್ನೊಬ್ಬ. ಆಳು ಬದಲಾದರೆ ಅರ್ಥ ತಿರುಗಿ ನಿಲ್ಲುತ್ತದೆ. ಬ್ರೇಕ್ ಹಾಕುತ್ತೇವೆ, ಹಾರ್ನ್ ಹೊಡೆಯುತ್ತೇವೆ, ಫೋನ್ ಮಾಡುತ್ತೇವೆ, ಪೇಂಟ್ ಬಳಿಯುತ್ತೇವೆ. ಇಂಗ್ಲಿಷಿನವನು ಬರಿಯ ‘ಬ್ರೇಕ್’, ಬರಿಯ ‘ಫೋನ್’, ಬರಿಯ ‘ಪೇಂಟ್’ ಎಂದು ಮುಗಿಸುತ್ತಾನೆ.

ನಂದಿ ತಪ್ಪಲಿನ ದ್ರಾಕ್ಷಿ

ನನ್ನದೂ ಒಂದು ಸೇರಿಸುತ್ತೇನೆ. ಚಿಕ್ಕಬಳ್ಳಾಪುರದ ನಮ್ಮ ತೋಟದಲ್ಲಿ ದ್ರಾಕ್ಷಿಗೆ ಬೂದಿರೋಗ ಕಾಣಿಸಿಕೊಂಡಾಗ ಗಂಧಕದ ಪುಡಿಯನ್ನು ಉದುರಿಸುತ್ತೇವೆ. ಚೀಟಿಯಲ್ಲಿ ‘ಡಸ್ಟ್ ದ ವೈನ್ಸ್’ ಎಂದಿರುತ್ತದೆ. ಬೆಂಗಳೂರಿನಿಂದ ಬಂದಿದ್ದ ಸೊಸೆ ಅದನ್ನು ಓದಿ, ‘ಮಾವ, ಬಳ್ಳಿಯ ಧೂಳು ಒರೆಸಬೇಕಂತೆ, ಬಟ್ಟೆ ತರಲೇ?’ ಎಂದು ಕೇಳಿದಳು. ಅವಳ ಮನೆಯಲ್ಲಿ ‘ಡಸ್ಟ್’ ಎಂದರೆ ಶೆಲ್ಫಿನ ಧೂಳು ತೆಗೆಯುವುದು. ನನ್ನ ತೋಟದಲ್ಲಿ ಪುಡಿ ಹಾಕುವುದು. ಹಾಗಾಗಿ ಮೇಷ್ಟ್ರ ‘ಸೀಡ್’ ಒಂಟಿಯಲ್ಲ, ಅದಕ್ಕೆ ಜೊತೆಗಾರನಿದ್ದಾನೆ.

ಶಿಡ್ಲಘಟ್ಟದ ರೀಲರ್

ನಮ್ಮ ಊರಿನ ಅರ್ಧ ಜನರ ಅನ್ನ ಇಂಥದೇ ಒಂದು ಪದದಲ್ಲಿದೆ. ‘ರೀಲ್’ ಎಂದರೆ ನೂಲು ಸುತ್ತುವ ಚಕ್ರ, ‘ರೀಲ್’ ಎಂದರೆ ಸುತ್ತುವ ಕೆಲಸ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಲಾಟ್ ಹಿಡಿದು ಮನೆಗೆ ತಂದ ಮೇಲೆ ಬಿಸಿನೀರಿನಲ್ಲಿ ಗೂಡು ಬೇಯಿಸಿ, ಎಳೆಯ ತುದಿ ಸಿಕ್ಕಿದ ಕೂಡಲೇ ಕೆಲವು ಗೂಡುಗಳ ಎಳೆಗಳನ್ನು ಒಟ್ಟುಗೂಡಿಸಿ ರೀಲಿಗೆ ಹತ್ತಿಸುತ್ತೇವೆ. ಒಂದು ತುದಿ ತಪ್ಪಿದರೆ ನೂಲಿನ ದಪ್ಪ ಕಡಿಮೆಯಾಗುತ್ತದೆ, ಆದ್ದರಿಂದ ಕಣ್ಣು ಬೇಸಿನ್ ಮೇಲೆಯೇ ಇರಬೇಕು. ಕನ್ನಡದಲ್ಲಿ ಇದಕ್ಕೆ ಸರಿಸಾಟಿ ‘ನೂಲು’ ಎಂಬ ಪದ. ನೂಲು ಎಂದರೆ ದಾರವೂ ಹೌದು, ದಾರ ಮಾಡುವ ಕೆಲಸವೂ ಹೌದು.

ಚಿಂತಾಮಣಿ ಟೊಮೆಟೊ

ರೇಷ್ಮೆಯನ್ನು ನೂಲುತ್ತಾರೆಯೇ?

ಶಿಡ್ಲಘಟ್ಟದ ರೀಲರ್

ಒಳ್ಳೆಯ ಕಡೆ ಹಿಡಿದಿರಿ, ನನ್ನ ತಪ್ಪು. ನೂಲುವುದು ಹತ್ತಿ, ಉಣ್ಣೆಗಳನ್ನು. ತುಂಡು ತುಂಡು ಎಳೆಗಳನ್ನು ಹೊಸೆದು ದಾರ ಮಾಡುವುದಕ್ಕೆ ಆ ಮಾತು. ರೇಷ್ಮೆಯಲ್ಲಿ ಹುಳುವೇ ಉದ್ದನೆಯ ಒಂದೇ ಎಳೆಯನ್ನು ಮಾಡಿ ಇಟ್ಟಿರುತ್ತದೆ, ನಾವು ಬಿಚ್ಚಿಕೊಳ್ಳುತ್ತೇವೆ ಅಷ್ಟೇ. ಅದಕ್ಕೆ ನಾವು ‘ನೂಲು ತೆಗೆಯುವುದು’ ಎನ್ನುತ್ತೇವೆ. ನೋಡಿ, ಇಲ್ಲಿ ‘ನೂಲು’ ನಾಮಪದವಾಗಿ ಮಾತ್ರ ಉಳಿಯಿತು, ಕ್ರಿಯೆಗೆ ‘ತೆಗೆ’ ಬಂದಿತು. ಈ ಎರಡು ಕೆಲಸ ಬೇರೆ ಎಂದು ನಮ್ಮ ಹಿರಿಯರ ಬಾಯಿಗೆ ಗೊತ್ತಿತ್ತು, ಬರೆಯುವಾಗ ನಾನು ಮರೆತೆ.

ಅಂದಹಾಗೆ ‘ರೀಲು ಬಿಡಬೇಡ’ ಎಂದು ಬೇರೆ ಊರಿನವರು ಬೈದುಕೊಳ್ಳುವಾಗ ನಮಗೆ ಸ್ವಲ್ಪ ಬೇಸರವಾಗುತ್ತದೆ. ಈಗ ಹುಡುಗರು ಮೊಬೈಲಿನಲ್ಲಿ ‘ರೀಲ್ಸ್ ಮಾಡುತ್ತೇವೆ’ ಎನ್ನುತ್ತಾರೆ. ತೆಗೆಯುವುದು, ಬಿಡುವುದು, ಮಾಡುವುದು, ಮೂರಕ್ಕೆ ಮೂರು ಬೇರೆ ಅರ್ಥ. ಮೇಷ್ಟ್ರು ಹೇಳಿದ ಆಳುಗಳು ಇವರೇ ಇರಬೇಕು.

ಕೆಜಿಎಫ್ ಕಡೆಯವಳು

ಅರ್ಥದ ಮಾತಾಯಿತು, ಉಚ್ಚಾರಣೆಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಬೆಂಗಳೂರಿನ ಗ್ರಾಹಕ ಸೇವಾ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದಾಗ ಮೊದಲ ಎರಡು ವಾರ ಇದೇ ಪಾಠ. ‘ಪರ್ಮಿಟ್’ ನಾಮಪದವಾದರೆ ‘ಪರ್’ ಮೇಲೆ ಒತ್ತು, ಕ್ರಿಯಾಪದವಾದರೆ ‘ಮಿಟ್’ ಮೇಲೆ. ‘ರೆಕಾರ್ಡ್’ ಎಂದರೆ ದಾಖಲೆ, ‘ರಿಕಾರ್ಡ್’ ಎಂದರೆ ದಾಖಲಿಸು. ಪ್ರಾಗ್ರೆಸ್, ಪ್ರೊಟೆಸ್ಟ್, ಎಕ್ಸ್‌ಪೋರ್ಟ್, ಇಂಪೋರ್ಟ್, ಪ್ರೆಸೆಂಟ್, ಆಬ್ಜೆಕ್ಟ್, ಕಾಂಡಕ್ಟ್, ಎಲ್ಲವೂ ಹಾಗೆಯೇ: ಹೆಸರಾದರೆ ತಲೆ ಭಾರ, ಕ್ರಿಯೆಯಾದರೆ ಬಾಲ ಭಾರ. ಮಾರಿಕುಪ್ಪಂ ರೈಲಿನಲ್ಲಿ ಬೆಳಿಗ್ಗೆ ಕಿಟಕಿಯ ಪಕ್ಕ ಕುಳಿತು ‘ಪರ್ಮಿಟ್, ಪರ್ಮಿಟ್’ ಎಂದು ಜಪಿಸುತ್ತಿದ್ದೆ. ಎದುರಿಗೆ ಕೂರುತ್ತಿದ್ದ ಅಜ್ಜಿಯೊಬ್ಬರು ಮೂರನೆಯ ದಿನ ತಮಿಳಿನಲ್ಲಿ, ‘ಇದು ಯಾವ ಅಮ್ಮನವರ ಮಂತ್ರ ಮಗಳೇ?’ ಎಂದು ಕೇಳಿದರು.

ಶಿರಾ ಬೀಜದಂಗಡಿ

ಹಾಗಾದರೆ ನಮ್ಮ ಶಾಲೆಗಳು ಕೊಡುವ ‘ಕಾಂಡಕ್ಟ್ ಸರ್ಟಿಫಿಕೇಟ್’ನಲ್ಲಿ ಒತ್ತು ಮುಂದೆ, ‘ಪರೀಕ್ಷೆ ಕಾಂಡಕ್ಟ್ ಮಾಡುತ್ತೇವೆ’ ಎನ್ನುವಾಗ ಹಿಂದೆಯೇ?

ಕೆಜಿಎಫ್ ಕಡೆಯವಳು

ಇಂಗ್ಲಿಷಿನಲ್ಲಿ ಹೌದು. ಕನ್ನಡದಲ್ಲಿ ‘ಕಾಂಡಕ್ಟ್ ಮಾಡು’ ಎಂದಾಗ ಅದು ನಾಮಪದವೇ ಆದ್ದರಿಂದ ತಲೆಯ ಮೇಲೆ ಭಾರ ಹಾಕಿದರೆ ಯಾರೂ ಕೇಳುವುದಿಲ್ಲ.

ಗುಬ್ಬಿಯ ವಕೀಲ

ಈ ಒತ್ತಿನ ವಿಚಾರವನ್ನು ಅತಿಯಾಗಿ ಹಚ್ಚಿಕೊಳ್ಳಬೇಡಿ. ‘ರಿಪೋರ್ಟ್’, ‘ರಿಪೇರ್’, ‘ಕಂಟ್ರೋಲ್’, ‘ಆನ್ಸರ್’, ‘ಕಾಮೆಂಟ್’ ಇವುಗಳಲ್ಲಿ ಒತ್ತು ಕದಲುವುದೇ ಇಲ್ಲ. ಇಪ್ಪತ್ತು ವರ್ಷದಿಂದ ನ್ಯಾಯಾಲಯದಲ್ಲಿ ‘ಆಬ್ಜೆಕ್ಟ್’ ಮಾಡುತ್ತಿದ್ದೇನೆ, ಒತ್ತು ತಪ್ಪಿತೆಂದು ನನ್ನ ಆಕ್ಷೇಪಣೆ ಒಮ್ಮೆಯೂ ತಿರಸ್ಕೃತವಾಗಿಲ್ಲ. ತಿರಸ್ಕೃತವಾದದ್ದು ಬೇರೆ ಕಾರಣಗಳಿಗೆ. ಬರಹದಲ್ಲಿ ಮಾತ್ರ ಎಚ್ಚರ ಬೇಕು. ಬ್ರಿಟಿಷ್ ಕಾಗುಣಿತದಲ್ಲಿ ‘ಪ್ರಾಕ್ಟಿಸ್’, ‘ಲೈಸೆನ್ಸ್’ ಎರಡೂ ನಾಮಪದವಾದರೆ ಸಿ ಅಕ್ಷರ, ಕ್ರಿಯಾಪದವಾದರೆ ಎಸ್. ಅಮೆರಿಕದವರು ಮೊದಲನೆಯದಕ್ಕೆ ಎರಡು ಕಡೆಯೂ ಸಿ, ಎರಡನೆಯದಕ್ಕೆ ಎರಡು ಕಡೆಯೂ ಎಸ್ ಹಾಕಿ ಕೈತೊಳೆದುಕೊಂಡರು.

ತಿಪಟೂರಿನ ಕನ್ನಡ ಟೀಚರ್

ವಕೀಲರೇ, ಒತ್ತನ್ನು ಹಗುರವಾಗಿ ಕಾಣಬೇಡಿ. ‘ಒತ್ತು’ ಎಂಬುದೇ ನಾಮಪದವೂ ಕ್ರಿಯಾಪದವೂ ಆಗಿ ಎರಡು ಕೆಲಸ ಮಾಡುತ್ತಿದೆ! ಆದರೆ ನಮ್ಮ ಒತ್ತಕ್ಷರದ ಒತ್ತು ಬೇರೆ, ಅವರ ದನಿಯ ಒತ್ತು ಬೇರೆ. ಕೆಜಿಎಫ್ ತಂಗಿ ಬರೆದ ಎರಡು ‘ಪರ್ಮಿಟ್’ಗಳೂ ಕನ್ನಡ ಲಿಪಿಯಲ್ಲಿ ಒಂದೇ ರೀತಿ ಕಾಣುತ್ತವೆ, ಅಜ್ಜಿಗೆ ಮಂತ್ರದಂತೆ ಕೇಳಿಸಿದ್ದು ಆಶ್ಚರ್ಯವಲ್ಲ.

ಹೆಸರಿಗೂ ಕ್ರಿಯೆಗೂ ಉಚ್ಚಾರಣೆಯಲ್ಲಿ ಭೇದ ಮಾಡುವ ಹಳೆಯ ಕ್ರಮ ನಮ್ಮಲ್ಲೂ ಇದೆ. ನಾವು ಒತ್ತನ್ನು ಸರಿಸುವುದಿಲ್ಲ, ಸ್ವರವನ್ನು ಎಳೆಯುತ್ತೇವೆ. ಕೆಡು ಎಂಬುದು ಕೇಡು ಆಗುತ್ತದೆ, ಪಡು ಎಂಬುದು ಪಾಡು, ಬಿಡು ಎಂಬುದು ಬೀಡು. ದಂಡು ಹೊರೆಯನ್ನು ಇಳಿಸಿ ಬಿಟ್ಟ ಜಾಗ ಬೀಡಾಯಿತು.

ಕೋಲಾರದ ಮೇಷ್ಟ್ರು

ಟೀಚರ್ ಅವರ ‘ಕೆಡು, ಕೇಡು’ ಓದಿ ನನಗೆ ಒಂದು ನೆನಪಾಯಿತು. ಇಂಗ್ಲಿಷಿನಲ್ಲಿ ‘ಹೌಸ್’ ಎಂಬ ನಾಮಪದದ ಕೊನೆಯಲ್ಲಿ ‘ಸ್’ ಇದೆ, ಆದರೆ ‘ಮನೆಯಲ್ಲಿ ಇರಿಸು’ ಎಂಬ ಕ್ರಿಯಾಪದವಾದಾಗ ಅದೇ ಕಾಗುಣಿತವನ್ನು ‘ಹೌಜ್’ ಎಂದು ಓದಬೇಕು. ಏಕೆ? ಹಳೆಯ ಕ್ರಿಯಾಪದದಲ್ಲಿ ‘ಸ’ಕಾರದ ಮುಂದೆ ಸ್ವರವಿದ್ದ ಪ್ರತ್ಯಯವೊಂದಿತ್ತು. ಎರಡು ಸ್ವರಗಳ ನಡುವೆ ಸಿಕ್ಕಿಬಿದ್ದ ‘ಸ’ ಮೆತ್ತಗಾಗಿ ‘ಜ’ದಂತೆ ಆಯಿತು. ಪ್ರತ್ಯಯ ಉದುರಿ ಶತಮಾನಗಳೇ ಕಳೆದಿವೆ, ಮೆತ್ತಗಾದ ದನಿ ಹಾಗೆಯೇ ಉಳಿದಿದೆ. ಕಡಿದ ಕೊಂಬೆಯ ಗಂಟು ಮರದ ಮೇಲೆ ಉಳಿಯುವುದಿಲ್ಲವೇ, ಹಾಗೆ. ‘ಯೂಸ್’ ಮತ್ತು ‘ಯೂಜ್’, ‘ಅಡ್ವೈಸ್’ ಮತ್ತು ‘ಅಡ್ವೈಜ್’ ಇದೇ ಸಾಲಿನಲ್ಲಿ ನಿಲ್ಲುತ್ತವೆ. ‘ಕಾಫ್’ ಎಂದರೆ ಕರು, ‘ಕಾವ್’ ಎಂದರೆ ಕರು ಹಾಕು. ಶಿರಾದವರ ಮಗಳಿಗೆ ಹೇಳಿ, ಇಲ್ಲಿ ‘ಹಾಕು’ ಸರಿಯಾಗಿದೆ!

ಹಳೇ ಪ್ರೂಫ್ ರೀಡರ್, ತುಮಕೂರು

ಇಂಗ್ಲಿಷ್ ಏನಾದರೂ ಆಗಲಿ, ಈ ಚಾಳಿ ಕನ್ನಡಕ್ಕೆ ಅಂಟಿರುವುದು ನನಗೆ ಸಂಕಟ ತರುತ್ತದೆ. ಪತ್ರಿಕೆ ತೆರೆದರೆ ‘ಸೆಲ್ಫಿ ಕ್ಲಿಕ್ಕಿಸಿದರು’, ‘ಗೂಗಲಿಸಿ ನೋಡಿ’, ‘ಫೋನಾಯಿಸಿದರು’. ನಾಮಪದದ ಕತ್ತು ಹಿಡಿದು ‘ಇಸು’ ಕಟ್ಟಿ ಕೆಲಸಕ್ಕೆ ಅಟ್ಟುವುದು ಯಾವ ನ್ಯಾಯ? ನಾವು ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಇಂಥ ಪದವನ್ನು ಕೆಂಪು ಶಾಯಿಯಲ್ಲಿ ಸುತ್ತಿ ವಾಪಸು ಕಳುಹಿಸುತ್ತಿದ್ದೆವು. ಭಾಷೆಗೆ ಒಂದು ಮರ್ಯಾದೆ ಇರಬೇಕು.

ಗುಬ್ಬಿಯ ವಕೀಲ

ಯಜಮಾನರೇ, ನಿಮ್ಮ ಪಕ್ಷದಲ್ಲಿ ದೊಡ್ಡವರೇ ಇದ್ದಾರೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1789ರ ಡಿಸೆಂಬರಿನಲ್ಲಿ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಬರೆದ ಪತ್ರದಲ್ಲಿ ಇದೇ ದೂರು ಹೇಳಿಕೊಂಡಿದ್ದರು. ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಎಂಬ ನಾಮಪದಗಳನ್ನು ಜನ ಕ್ರಿಯಾಪದ ಮಾಡುತ್ತಿದ್ದಾರೆ, ಇದನ್ನು ತಡೆಯಬೇಕು 
ಎಂಬುದು ಅವರ ಕೋರಿಕೆ. ಅಡ್ವೊಕೇಟ್ ಆದ ನಾನೇ ಸಾಕ್ಷಿ, ಆ ಮೊಕದ್ದಮೆಯಲ್ಲಿ ಫ್ರಾಂಕ್ಲಿನ್ ಸೋತರು. ಮೂರು ಪದಗಳೂ ಇಂದು ಕ್ರಿಯಾಪದಗಳಾಗಿ ಆರಾಮವಾಗಿವೆ. ‘ಗೂಗಲ್’ ಎಂಬ ಕ್ರಿಯಾಪದ 2006ರಲ್ಲೇ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿತು.

ತಿಪಟೂರಿನ ಕನ್ನಡ ಟೀಚರ್

ನಾನೂ ಒಂದು ಮಾತು ಸೇರಿಸುತ್ತೇನೆ, ಹಿರಿಯರು ಬೇಸರ ಮಾಡಿಕೊಳ್ಳಬಾರದು. ‘ಇಸು’ ನಮ್ಮ ಮನೆಯ ಹಳೆಯ ಬಾಗಿಲು. ಸಂಸ್ಕೃತದಿಂದ ಬಂದ ಭಾವ, ವಿಚಾರಗಳು ಅದರ ಮೂಲಕವೇ ಭಾವಿಸು, ವಿಚಾರಿಸು ಆಗಿ ಒಳಗೆ ಬಂದವು. ಆಮೇಲೆ ಪಾರಸಿಯ ಖರೀದಿ, ರವಾನೆಗಳು ಖರೀದಿಸು, ರವಾನಿಸು ಆದವು. ನೀವು ಕೆಂಪು ಶಾಯಿ ಖರೀದಿಸುತ್ತಿದ್ದಾಗ ಆ ಪದವನ್ನು ಯಾರೂ ಸುತ್ತು ಹಾಕಿ ವಾಪಸು ಕಳುಹಿಸಲಿಲ್ಲವಲ್ಲ!

ಹಳೇ ಪ್ರೂಫ್ ರೀಡರ್, ತುಮಕೂರು

‘ಖರೀದಿಸು’ ಕಿವಿಗೆ ಹಿತವಾಗಿದೆ, ‘ಕ್ಲಿಕ್ಕಿಸು’ ಹಿತವಾಗಿಲ್ಲ. ವಾದ ಇಷ್ಟೇ. ನನ್ನ ಕಿವಿಗೆ ಎಪ್ಪತ್ತೆರಡು ವರ್ಷ, ಅದನ್ನು ಈಗ ತಿದ್ದಲಾಗದು.

ಕ್ಯಾತ್ಸಂದ್ರದ ಗುಮಾಸ್ತೆ

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವಳಾಗಿ ನಾನು ಆಗು, ಮಾಡುಗಳ ಪರ ವಾದಿಸುತ್ತೇನೆ. ಇಂಗ್ಲಿಷಿನಲ್ಲಿ ‘ಟ್ರಾನ್ಸ್‌ಫರ್’ ಎಂಬುದು ನಾಮಪದ, ಕ್ರಿಯಾಪದ ಎರಡೂ ಹೌದು, ಸಂತೋಷ. ಆದರೆ ನಮ್ಮ ಕಚೇರಿಯಲ್ಲಿ ಅದಕ್ಕೆ ಎಷ್ಟು ಬಗೆ ಇವೆ ನೋಡಿ. ‘ಅವರಿಗೆ ಟ್ರಾನ್ಸ್‌ಫರ್ ಆಯಿತು’ ಎಂದರೆ ಪಾಪ ಎನ್ನುತ್ತೇವೆ. ‘ಅವರನ್ನು ಟ್ರಾನ್ಸ್‌ಫರ್ ಮಾಡಿದರು’ ಎಂದರೆ ಏನೋ ನಡೆದಿದೆ ಎನ್ನುತ್ತೇವೆ. ‘ಟ್ರಾನ್ಸ್‌ಫರ್ ಮಾಡಿಸಿಕೊಂಡರು’ ಎಂದರೆ ಯಾರ ಕೈಯಲ್ಲಿ ಹೇಳಿಸಿದರು ಎಂದು ಕೇಳುತ್ತೇವೆ. ‘ಟ್ರಾನ್ಸ್‌ಫರ್ ಹಾಕಿದರು’ ಎಂದು ಹಳೆಯ ಸಿಬ್ಬಂದಿ ಹೇಳುವಾಗ ಅದರಲ್ಲಿ ಶಿಕ್ಷೆಯ ವಾಸನೆ ಇರುತ್ತದೆ. ಒಂದೇ ಪದಕ್ಕೆ ಎರಡು ಕೆಲಸ ಕೊಟ್ಟವರಿಗಿಂತ, ಒಂದು ಪದದ ಹಿಂದೆ ನಾಲ್ಕು ಆಳು ನಿಲ್ಲಿಸಿ ಯಾರು ಯಾರಿಗೆ ಏನು ಮಾಡಿದರು ಎಂದು ತಿಳಿಸುವ ನಾವೇ ಮೇಲು.

ಮುಳಬಾಗಿಲು ಲಾರಿ

ಆಳುಗಳನ್ನು ನಂಬಬೇಡಿ ಅಕ್ಕಾ, ಗಡಿ ದಾಟಿದರೆ ಅವರೂ ವೇಷ ಬದಲಾಯಿಸುತ್ತಾರೆ. ನಮ್ಮ ಕಡೆ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಇರುತ್ತವೆ. ಹಾಸನದ ಕಡೆಯ ಹೊಸ ಡ್ರೈವರ್ ಒಬ್ಬ ಟೊಮೆಟೊ ಲೋಡ್ ಹೊತ್ತು ಪಲಮನೇರಿನ ದಾರಿಯಲ್ಲಿ ಹೋಗುವಾಗ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದವು. ನಮ್ಮ ತೆಲುಗಿನ ಕ್ಲೀನರ್ ‘ಹಾರನ್ ಕೊಟ್ಟು, ಹಾರನ್ ಕೊಟ್ಟು’ ಎಂದು ಕೂಗಿಕೊಂಡ. ತೆಲುಗಿನಲ್ಲಿ ‘ಕೊಟ್ಟು’ ಎಂದರೆ ಹೊಡೆ. ಡ್ರೈವರ್ ಮಾತ್ರ ‘ಹಾರನ್ ಕೊಟ್ಟು ಆಮೇಲೆ ಏನು ಮಾಡಬೇಕು, ಪೂರ್ತಿ ಹೇಳಯ್ಯಾ’ ಎಂದು ಕಾಯುತ್ತಾ ಬ್ರೇಕ್ ಮೇಲೆ ನಿಂತುಬಿಟ್ಟ. ಎಮ್ಮೆಗಳು ಉಳಿದವು, ಹಿಂದಿನ ಸಾಲಿನ ನಾಲ್ಕು ಬಾಕ್ಸ್ ಹಣ್ಣು ಉಳಿಯಲಿಲ್ಲ.

ಚಿಂತಾಮಣಿ ಟೊಮೆಟೊ

ಆ ನಾಲ್ಕು ಬಾಕ್ಸ್ ಯಾರ ಲೆಕ್ಕಕ್ಕೆ ಹೋದವು?

ಮುಳಬಾಗಿಲು ಲಾರಿ

ನನ್ನ ಲೆಕ್ಕಕ್ಕೆ. ಒಂದೊಂದೂ ಹದಿನೈದು ಕಿಲೋ. ವ್ಯಾಕರಣಕ್ಕೆ ನಾನು ತೆತ್ತ ಶುಲ್ಕ.

ಶಿರಾ ಬೀಜದಂಗಡಿ

ಎಲ್ಲರಿಗೂ ಕೃತಜ್ಞತೆಗಳು. ಇಂದು ಸಂಜೆ ಮಗಳಿಗೆ ಈ ಚರ್ಚೆಯನ್ನು ಮೊದಲಿನಿಂದ ಓದಿ ಹೇಳಿದೆ. ಕೆಮ್ಮು, ಸೀನುಗಳ ಪಟ್ಟಿ ಅವಳಿಗೆ ತುಂಬ ಹಿಡಿಸಿತು, ತಾನೇ ‘ಆಕಳಿಕೆ ಮಾತ್ರ ಯಾಕೆ ಆಕಳಿಸು ಎಂದು ಬೇರೆಯಾಯಿತು?’ ಎಂದು ಹೊಸ ತಕರಾರು ತೆಗೆದಿದ್ದಾಳೆ. ಪಂಚರ್ ಅಂಗಡಿಯ ಕಥೆ ಕೇಳಿ, ಮೊನ್ನೆ ನಕ್ಕ ರೈತರಿಗೆ ಉತ್ತರ ಸಿಕ್ಕಿತೆಂದು ಸಮಾಧಾನ ಪಟ್ಟಳು. ಪಂಚರನ್ನು ಹಾಕಿದರೆ ಪಂಚರ್ ಹೋಗುವುದಾದರೆ ಕಳೆಯನ್ನು ಹಾಕಿದರೆ ಕಳೆ ಏಕೆ ಹೋಗಬಾರದು ಎಂಬುದು ಅವಳ ವಾದ.

ಕೊನೆಗೆ ಚೀಟಿಯ ಮೊದಲ ಸಾಲನ್ನು ‘ಬಿತ್ತನೆಗೆ ಮೊದಲು ಹೊಲದ ಕಳೆ ಕಳೆಯಿರಿ’ ಎಂದು ತಿದ್ದಿ, ಪ್ಯಾಕೆಟ್ಟುಗಳ ಮೇಲಿನ ಗೋಡೆಗೆ ತಾನೇ ಅಂಟಿಸಿದಳು. ನಾಮಪದ, ಕ್ರಿಯಾಪದ ಎರಡೂ ಪಕ್ಕಪಕ್ಕದಲ್ಲಿ ಇವೆ. ಆದರೆ ಎರಡನೆಯ ಸಾಲಿಗೆ ಬಂದು ನಿಂತಿದ್ದೇವೆ. ‘ಥಿನ್ ದ ಸೀಡ್ಲಿಂಗ್ಸ್’ ಎಂದಿದೆ. ಅವಳು ‘ಸಸಿಗಳನ್ನು ತೆಳ್ಳಗೆ ಮಾಡಿ’ ಎಂದು ಬರೆದು, ಈ ಬಾರಿ ನಗುವ ಮೊದಲು ಮೇಷ್ಟ್ರನ್ನು ಕೇಳಿ ಎಂದು ತಾಕೀತು ಮಾಡಿದ್ದಾಳೆ.

ಕೋಲಾರದ ಮೇಷ್ಟ್ರು

ಒತ್ತಾಗಿ ಎದ್ದ ಸಸಿಗಳಲ್ಲಿ ಕೆಲವನ್ನು ಕಿತ್ತು ಅಂತರ ಬಿಡಿಸಿ ಎಂದರ್ಥ. ಇಲ್ಲಿ ಗುಣವಾಚಕವೇ ಕ್ರಿಯಾಪದವಾಗಿದೆ. ಅದು ಇನ್ನೊಂದು ಪಾಠ, ಅವಳ ಕಿರುಪರೀಕ್ಷೆ ಮುಗಿಯಲಿ.

ಪಾವಗಡ ಕಡಲೆಕಾಯಿ

ಅಷ್ಟರಲ್ಲಿ ಮೂಲಂಗಿ ಬಲಿತುಬಿಡುತ್ತದೆ ಮೇಷ್ಟ್ರೇ, ಈಗಲೇ ಹೇಳಿ.